ನಿಧಾನವೇ ಪ್ರಧಾನ: ಹಡಗು, ತಿಮಿಂಗಿಲ, ಕರಾವಳಿಯ ಗಾಳಿ

ಎಳವೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ 'ತಿಮಿಂಗಿಲ' ಎಂಬ ಹೆಸರು ಹೊಸದಲ್ಲ. 'ತಿಮಿ' ಎಂದರೆ ಸಮುದ್ರದ ಒಂದು ಮಹಾಮತ್ಸ್ಯ. ಅದನ್ನೂ ನುಂಗುವುದು ತಿಮಿಂಗಿಲ. ನಮ್ಮ ಹಿಂದಿನವರು ಅಷ್ಟಕ್ಕೇ ನಿಲ್ಲಲಿಲ್ಲ. ತಿಮಿಂಗಿಲವನ್ನೂ ನುಂಗುವ 'ತಿಮಿಂಗಿಲಗಿಲ' ಎಂಬ ಇನ್ನೊಂದನ್ನು ಕಲ್ಪಿಸಿದರು. ದೊಡ್ಡವನಿಗೂ ಒಬ್ಬ ದೊಡ್ಡವನು ಇದ್ದೇ ಇರುತ್ತಾನೆ ಎಂಬ ನೀತಿಯನ್ನು ಹೇಳಲು ಆ ಹೆಸರು ಒದಗಿತು.

ಕೆಲವು ದಿನಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡುತ್ತ ಈ ಶಬ್ದಗಳನ್ನು ಬಿಡಿಸಿ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ತಿಮಿಂಗಿಲಗಿಲ ನಿಜವಾಗಿಯೂ ಇದೆಯೆ?" ಎಂದು ಕೇಳಿದ. "ಇಲ್ಲಪ್ಪ, ಅದು ಬರಿಯ ಕಲ್ಪನೆ" ಎಂದೆ. "ಇದೆ ಸಾರ್, ಹಡಗು" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹುಡುಗ ಕುಳಿತುಕೊಳ್ಳಲಿಲ್ಲ. ಬಂದರಿಗೆ ಬಂದ ಹಡಗೊಂದರ ಮೂತಿಗೆ ಅಡ್ಡಲಾಗಿ ಸಿಕ್ಕಿಕೊಂಡಿದ್ದ ಸತ್ತ ತಿಮಿಂಗಿಲದ ಚಿತ್ರವನ್ನು ತಾನು ಕಂಡುದಾಗಿ ಹೇಳಿದ. ಬಂದರು ಮುಟ್ಟುವವರೆಗೆ ಹಡಗಿನವರಿಗೆ ಅದರ ಸುಳಿವೇ ಇರಲಿಲ್ಲವಂತೆ.

ನನಗೆ ನಕ್ಕದ್ದಕ್ಕೆ ನಾಚಿಕೆಯಾಯಿತು. ಅಂದು ಸಂಜೆಯಿಂದ ಈ ವಿಷಯವನ್ನು ಕುರಿತು ಓದತೊಡಗಿದೆ. ಹುಡುಗ ಹೇಳಿದ್ದು ನಿಜ. ಅಷ್ಟೇ ಅಲ್ಲ, ತಿಮಿಂಗಿಲವನ್ನು ಕೊಲ್ಲುವ ಹಡಗೇ ದಡದ ಮೇಲಿನ ಮನುಷ್ಯನ ಉಸಿರನ್ನೂ ಕೆಡಿಸುತ್ತಿದೆ. ಎರಡಕ್ಕೂ ಮದ್ದು ಬಹುಮಟ್ಟಿಗೆ ಒಂದೇ, ಅದೂ ಬಹು ಸುಲಭವಾದದ್ದು ಎಂಬುದೇ ಇದರಲ್ಲಿ ವಿಶೇಷ. ಅದನ್ನು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಮೊದಲು ತಿಮಿಂಗಿಲದ ವಿಚಾರ. ಹೆಸರು ಏನನ್ನೇ ಹೇಳಲಿ, ತಿಮಿಂಗಿಲ ಮೀನಲ್ಲ. ಹಸುವಿನಂತೆ ಮರಿ ಹಾಕಿ ಹಾಲೂಡಿಸುವ ಪ್ರಾಣಿ. ನಮ್ಮಂತೆ ಗಾಳಿಯನ್ನು ಉಸಿರಾಡುವ ಪ್ರಾಣಿ. ಎಷ್ಟು ಆಳಕ್ಕೆ ಮುಳುಗಿದರೂ ಉಸಿರಿಗಾಗಿ ಮೇಲಕ್ಕೆ ಬರಲೇಬೇಕು. ಅವುಗಳಲ್ಲಿ ನೀಲಿ ತಿಮಿಂಗಿಲವೆಂಬುದು ಸುಮಾರು ೩೦ ಮೀಟರಿನವರೆಗೂ ಬೆಳೆಯುತ್ತದೆ. ಭೂಮಿಯ ಮೇಲೆ ಇದುವರೆಗೆ ಬದುಕಿದ ಪ್ರಾಣಿಗಳಲ್ಲಿ ಇಷ್ಟು ದೊಡ್ಡದು ಇನ್ನೊಂದು ತಿಳಿದಿಲ್ಲ. ಆದರೆ ಇದು ಮಹಾಮತ್ಸ್ಯವನ್ನು ನುಂಗುವುದಿರಲಿ, ತಿನ್ನುವುದು ಕ್ರಿಲ್ ಎಂಬ, ಸಣ್ಣ ಸಿಗಡಿಯಂಥ, ಬೆರಳುದ್ದವೂ ಇಲ್ಲದ ಜೀವಿಯನ್ನು. ಇಂಥ ಸಾಧುಪ್ರಾಣಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆಗಾಗಿ ಬೇಟೆಯಾಡಿದರು. ದಕ್ಷಿಣ ಗೋಲಾರ್ಧವೊಂದರಲ್ಲೇ ೩ ಲಕ್ಷಕ್ಕೂ ಮಿಕ್ಕಿ ನೀಲಿ ತಿಮಿಂಗಿಲಗಳು ಸತ್ತವು. ೧೯೬೬ರಲ್ಲಿ ಅವುಗಳ ಬೇಟೆಯನ್ನು ಅಂತಾರಾಷ್ಟ್ರೀಯವಾಗಿ ನಿಷೇಧಿಸಿದ ಮೇಲೆ ಅಳಿದುಳಿದವು ಮೆಲ್ಲನೆ ಚೇತರಿಸಿಕೊಳ್ಳತೊಡಗಿದವು. ಈಟಿಯಿಂದ ಪಾರಾದ ಪ್ರಾಣಿಗೆ ಈಗ ಹಡಗು ಎದುರಾಗಿದೆ.

ಇಂದಿನ ದೊಡ್ಡ ಕಂಟೇನರ್ ಹಡಗು ೪೦೦ ಮೀಟರ್ ಉದ್ದವಿರುತ್ತದೆ. ಎಂದರೆ ಹದಿನಾರು ರೈಲುಡಬ್ಬಿಗಳನ್ನು ಸಾಲಾಗಿ ಜೋಡಿಸಿದಷ್ಟು. ಅದನ್ನು ನಡೆಸುವವನಿಗೆ ಮೂತಿಯ ಕೆಳಗಿನ ನೀರು ಕಾಣುವುದಿಲ್ಲ. ಕಂಡರೂ ಅಷ್ಟು ಭಾರದ ಹಡಗು ಕೂಡಲೆ ನಿಲ್ಲದು, ಕೂಡಲೆ ತಿರುಗದು. ತಿಮಿಂಗಿಲವಾದರೂ ಓಡಿಹೋಗಬಾರದೆ ಎಂದು ನೀವು ಕೇಳಬಹುದು. ಮೈಗೆ ಯಂತ್ರ ಅಂಟಿಸಿ ಪರೀಕ್ಷಿಸಿದವರು ಕಂಡುಕೊಂಡದ್ದೇನೆಂದರೆ, ಹಡಗು ಹತ್ತಿರ ಬಂದಾಗ ನೀಲಿ ತಿಮಿಂಗಿಲ ಪಕ್ಕಕ್ಕೆ ಸರಿಯುವುದಿಲ್ಲ. ಹೆಚ್ಚೆಂದರೆ ಮೆಲ್ಲನೆ ಕೆಳಕ್ಕೆ ಇಳಿಯುತ್ತದೆ, ಅಷ್ಟೆ. ಲಕ್ಷಾಂತರ ವರ್ಷ ತನಗಿಂತ ದೊಡ್ಡದನ್ನು ಕಾಣದ ಪ್ರಾಣಿ ಅದು. ದಾರಿ ಬಿಡುವುದನ್ನು ಯಾರಿಂದ ಕಲಿಯಬೇಕು? ರಾತ್ರಿಯ ಹೊತ್ತು ಅದು ನೀರಿನ ಮೇಲ್ಭಾಗದಲ್ಲೇ ಹೆಚ್ಚಾಗಿರುತ್ತದೆ. ಆಗಲೇ ಅಪಾಯವೂ ಹೆಚ್ಚು.

ಇನ್ನು ಗಾಳಿಯ ವಿಚಾರ. ಕಚ್ಚಾ ಎಣ್ಣೆಯಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನು ತೆಗೆದ ಮೇಲೆ ತಳದಲ್ಲಿ ಡಾಂಬರಿನಂಥ ದಪ್ಪ ಎಣ್ಣೆಯೊಂದು ಉಳಿಯುತ್ತದೆ. ಬಿಸಿ ಮಾಡದೆ ಅದು ಹರಿಯುವುದೂ ಇಲ್ಲ. ದೊಡ್ಡ ಹಡಗುಗಳ ಹೊಟ್ಟೆಗೆ ಬಹುಕಾಲದಿಂದ ಅದೇ ಆಹಾರ. ಅದರಲ್ಲಿ ಗಂಧಕ ವಿಪರೀತ. ಸಂಯುಕ್ತ ರಾಷ್ಟ್ರಗಳಿಗೆ ಸೇರಿದ ಅಂತಾರಾಷ್ಟ್ರೀಯ ಸಾಗರಯಾನ ಸಂಸ್ಥೆಯು ೨೦೨೦ರ ಜನವರಿ ೧ರಿಂದ ಈ ಗಂಧಕದ ಮಿತಿಯನ್ನು ನೂರಕ್ಕೆ ೩.೫ರಿಂದ ೦.೫ಕ್ಕೆ ಇಳಿಸಿತು. ಅಮೆರಿಕದ ತೀರದಂಥ ಕೆಲವು ಕಡೆ ೨೦೧೫ರಿಂದಲೇ ಮಿತಿ ೦.೧. ಇದು ದೊಡ್ಡ ಉಪಕಾರ. ಆದರೆ ಗಂಧಕ ಹೋದರೂ ಇನ್ನೊಂದು ವಿಷ ಉಳಿಯುತ್ತದೆ. ಯಂತ್ರದ ಮಹಾತಾಪದಲ್ಲಿ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಹೊಗೆಯಾಗುತ್ತದೆ. ಬಿಸಿಲು ಬಿದ್ದರೆ ಆ ಹೊಗೆಯಿಂದ ಓಜೋನ್ ಹುಟ್ಟುತ್ತದೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಜೋನ್, ನೆಲದ ಮಟ್ಟದಲ್ಲಿ ಶ್ವಾಸಕೋಶವನ್ನು ಸುಡುತ್ತದೆ. ಉಬ್ಬಸದ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣೆ ಎಷ್ಟು ಶುದ್ಧವಾದರೂ ಈ ಹೊಗೆ ಪೂರ್ತಿ ತಪ್ಪದು. ಸುಡುವುದನ್ನೇ ಕಡಿಮೆ ಮಾಡಬೇಕು.

ಈ ಎರಡು ಕಷ್ಟಗಳೂ ಒಂದೇ ಕಡೆ ಕೂಡಿದ ಜಾಗವೊಂದು ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರ ಎಂಬ ಊರಿನ ಮುಂದೆ, ದಡಕ್ಕೂ ಎದುರಿನ ದ್ವೀಪಗಳಿಗೂ ನಡುವೆ ಒಂದು ಕಡಲಗಾಲುವೆ ಇದೆ. ಆಳದಿಂದ ತಣ್ಣೀರು ಮೇಲೆದ್ದು ಬರುವ ಜಾಗ ಅದು; ಆದ್ದರಿಂದ ಅಲ್ಲಿ ಕ್ರಿಲ್ ಹೇರಳ. ಬೇಸಿಗೆಯಿಂದ ಶರತ್ಕಾಲದವರೆಗೆ ನೀಲಿ ತಿಮಿಂಗಿಲಗಳು ಅಲ್ಲಿಗೆ ಉಣ್ಣಲು ಬರುತ್ತವೆ. ೧೯೮೦ರಲ್ಲಿಯೇ ದ್ವೀಪಗಳ ಸುತ್ತಲ ಕಡಲನ್ನು ರಕ್ಷಿತ ಪ್ರದೇಶವೆಂದು ಸಾರಿದ್ದಾರೆ. ಆದರೆ ಲಾಸ್ ಏಂಜಲೀಸ್, ಲಾಂಗ್ ಬೀಚ್ ಎಂಬ ಎರಡು ಮಹಾಬಂದರುಗಳಿಗೆ ಹೋಗುವ ಹಡಗುದಾರಿಯೂ ಅದೇ ಕಾಲುವೆಯಲ್ಲಿದೆ. ಊಟದ ಎಲೆ ಹಾಕಿರುವುದು ಹೆದ್ದಾರಿಯ ನಡುವೆ ಎಂದಂತಾಯಿತು. ೨೦೦೭ರ ಶರತ್ಕಾಲದಲ್ಲಿ ಆ ಕಡೆಯಲ್ಲಿ ಕನಿಷ್ಠ ೪ ನೀಲಿ ತಿಮಿಂಗಿಲಗಳ ಹೆಣಗಳು ಸಿಕ್ಕವು. ಸತ್ತ ತಿಮಿಂಗಿಲ ಬಹುಪಾಲು ಮುಳುಗಿಹೋಗುವುದರಿಂದ, ಕಂಡದ್ದಕ್ಕಿಂತ ಕಾಣದ್ದು ಹೆಚ್ಚು ಎಂದು ತಿಳಿದವರ ಅಭಿಪ್ರಾಯ. ದಡದಲ್ಲಿಯೂ ನೆಮ್ಮದಿಯಿರಲಿಲ್ಲ. ಮೋಟಾರು, ಕಾರ್ಖಾನೆಗಳ ಹೊಗೆಯನ್ನು ಅಲ್ಲಿಯ ಸ್ಥಳೀಯ ವಾಯುರಕ್ಷಣೆಯ ಕಚೇರಿ ವರ್ಷವರ್ಷವೂ ಬಿಗಿಗೊಳಿಸುತ್ತ ಬಂದರೆ, ಕಣ್ಣೆದುರಿಗೇ ಹಾದುಹೋಗುವ ಹಡಗುಗಳ ಹೊಗೆ ಅದರ ಕೈಗೆ ಸಿಕ್ಕುತ್ತಿರಲಿಲ್ಲ. ಹಡಗು ಬೇರೆ ದೇಶದ್ದು, ಕಡಲು ಎಲ್ಲರದ್ದು, ಗಾಳಿ ಮಾತ್ರ ಆ ಊರಿನವರದು.

ಆಗ ತಿಮಿಂಗಿಲದ ಕಡೆಯವರೂ ಗಾಳಿಯ ಕಡೆಯವರೂ ಒಂದೆಡೆ ಕುಳಿತರು. ಇಬ್ಬರ ಲೆಕ್ಕವೂ ಒಂದೇ ಉತ್ತರಕ್ಕೆ ಬಂತು: ಹಡಗು ನಿಧಾನವಾಗಿ ಹೋಗಬೇಕು.

ಲೆಕ್ಕವನ್ನು ನೀವೂ ನೋಡಿ. ಹಡಗಿನ ವೇಗವನ್ನು 'ನಾಟ್' ಎಂಬ ಮಾನದಲ್ಲಿ ಹೇಳುತ್ತಾರೆ. ಗಂಟೆಗೆ ಒಂದು ನಾಟಿಕಲ್ ಮೈಲಿ, ಎಂದರೆ ೧.೮೫ ಕಿಲೋಮೀಟರ್ ಸಾಗಿದರೆ ಅದು ಒಂದು ನಾಟ್. ಕೆನಡದ ಇಬ್ಬರು ಸಂಶೋಧಕರು ೨೦೦೭ರಲ್ಲಿ ಹಳೆಯ ಅಪಘಾತಗಳ ದಾಖಲೆಗಳನ್ನು ಲೆಕ್ಕ ಹಾಕಿ ತೋರಿಸಿದ್ದು ಇದು: ೧೫ ನಾಟ್ ವೇಗದ ಹಡಗು ತಿಮಿಂಗಿಲಕ್ಕೆ ಬಡಿದರೆ ನೂರರಲ್ಲಿ ಸುಮಾರು ೮೦ ಪಾಲು ಅದು ಸಾಯುವಂಥ ಪೆಟ್ಟು, ವೇಗ ಒಂಬತ್ತು ನಾಟಿನ ಹತ್ತಿರಕ್ಕೆ ಇಳಿದರೆ ಸುಮಾರು ೨೦ ಪಾಲು ಮಾತ್ರ. ಎಣ್ಣೆಯ ಲೆಕ್ಕ ಇನ್ನೂ ಸೊಗಸಾದುದು. ಹಡಗನ್ನು ತಳ್ಳಲು ಬೇಕಾದ ಶಕ್ತಿಯು ಸ್ಥೂಲವಾಗಿ ವೇಗದ ಘನದಷ್ಟು ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಇದನ್ನೇ ತಿರುಗಿಸಿ ಹೇಳಿದರೆ, ೧೫ ನಾಟಿನಿಂದ ೧೦ ನಾಟಿಗೆ ಇಳಿದ ಹಡಗು ಗಂಟೆಗೆ ಸುಡುವ ಎಣ್ಣೆ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಪ್ರಯಾಣಕ್ಕೆ ಹೆಚ್ಚು ಹೊತ್ತು ಹಿಡಿಯುವುದನ್ನು ಎಣಿಸಿಕೊಂಡರೂ ಅಷ್ಟೇ ದೂರಕ್ಕೆ ಅರ್ಧಕ್ಕಿಂತ ಕಡಿಮೆ ಸಾಕು. ಹಡಗಿನ ದೀಪ, ಶೀತಪೆಟ್ಟಿಗೆಗಳಿಗೆ ವಿದ್ಯುತ್ತು ಕೊಡುವ ಚಿಕ್ಕ ಯಂತ್ರಗಳು ಹೇಗೂ ಓಡುತ್ತಿರುತ್ತವೆಯಾದ್ದರಿಂದ ಉಳಿತಾಯ ಲೆಕ್ಕದಷ್ಟೇ ಬರುವುದಿಲ್ಲ. ಆದರೂ ಬಹಳ ಬರುತ್ತದೆ. ಹೊಸ ಯಂತ್ರ ಬೇಡ, ಹೊಸ ಎಣ್ಣೆ ಬೇಡ, ಹೊಸ ಹಡಗು ಬೇಡ. 'ನಿಧಾನವೇ ಪ್ರಧಾನ' ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಗಾದೆಯನ್ನು ಕಪ್ತಾನನೊಬ್ಬ ಕೇಳಿದರೆ ಸಾಕು.

ಕೇಳುವಂತೆ ಮಾಡುವುದೇ ಕಷ್ಟ. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳು ಗಾಳಿಯ ಸಲುವಾಗಿ ೨೦೦೧ರಲ್ಲಿಯೇ, ಹತ್ತಿರ ಬರುವ ಹಡಗುಗಳು ೧೨ ನಾಟಿಗೆ ಇಳಿಯಬೇಕೆಂದು ವಿನಂತಿಸಿದ್ದವು. ಲಾಂಗ್ ಬೀಚಿನವರು ೨೦೦೫ರಿಂದ, ಮಾತು ನಡೆಸಿದ ಹಡಗುಗಳಿಗೆ ಬಂದರು ಶುಲ್ಕದಲ್ಲಿ ರಿಯಾಯಿತಿಯನ್ನೂ ಕೊಟ್ಟರು. ೨೦೦೯ರಲ್ಲಿ ಕ್ಯಾಲಿಫೋರ್ನಿಯ ಸರಕಾರ ಇನ್ನೊಂದು ನಿಯಮ ಮಾಡಿತು: ದಡದಿಂದ ೨೪ ನಾಟಿಕಲ್ ಮೈಲಿಯೊಳಗೆ ಹಡಗುಗಳು ಶುದ್ಧವಾದ ಎಣ್ಣೆಯನ್ನೇ ಸುಡತಕ್ಕದ್ದು. ಶುದ್ಧವಾದದ್ದು ದುಬಾರಿಯೂ ಅಹುದು. ಆಗ ಆದದ್ದೇನು? ಬಹಳಷ್ಟು ಹಡಗುಗಳು ಕಾಲುವೆಯನ್ನೇ ಬಿಟ್ಟು ದ್ವೀಪಗಳ ಆಚೆ ಕಡೆಯಿಂದ ಸುತ್ತಿ ಹೋಗತೊಡಗಿದವು. ದಡದ ಗಾಳಿ ಒಂದಿಷ್ಟು ತಿಳಿಯಾಯಿತು. ಆಚೆಯ ತೆರೆದ ಕಡಲಿನ ತಿಮಿಂಗಿಲಗಳಿಗೆ ಹೊಸ ಅಪಾಯ ಬಂತು. ನೌಕಾಪಡೆಯ ಅಭ್ಯಾಸದ ಪ್ರದೇಶವೂ ಅಲ್ಲಿಯೇ ಇದ್ದುದರಿಂದ ಅವರಿಗೂ ತೊಡಕಾಯಿತು. ಆಮೇಲೆ ನಿಯಮದ ಮೇರೆಯನ್ನು ತಿದ್ದಬೇಕಾಯಿತು. ಒಂದೇ ಕಷ್ಟವನ್ನು ನೋಡಿ ಮಾಡಿದ ಮದ್ದು ಇನ್ನೊಂದು ಕಷ್ಟವನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೨೦೧೩ರಲ್ಲಿ ಹಡಗುದಾರಿಯ ಒಂದು ಪಾಲನ್ನು ತಿಮಿಂಗಿಲಗಳು ನೆರೆಯುವ ಅಂಚಿನಿಂದ ದೂರಕ್ಕೆ, ಒಂದು ನಾಟಿಕಲ್ ಮೈಲಿಯಷ್ಟು ಉತ್ತರಕ್ಕೆ ಸರಿಸಿದರು. ೨೦೧೪ರಲ್ಲಿ ವಾಯುರಕ್ಷಣೆಯ ಕಚೇರಿ, ಕಡಲ ರಕ್ಷಿತ ಪ್ರದೇಶದ ಅಧಿಕಾರಿಗಳು, ಪರಿಸರ ಸಂಘಗಳವರು ಎಲ್ಲರೂ ಸೇರಿ ಒಂದು ಪ್ರಯೋಗ ನಡೆಸಿದರು. ಕಾಲುವೆಯಲ್ಲಿ ೧೨ ನಾಟ್ ಮೀರದೆ ಸಾಗಿದ ಹಡಗಿಗೆ ಒಂದು ಸಲಕ್ಕೆ ೨,೫೦೦ ಡಾಲರ್ ಪ್ರೋತ್ಸಾಹಧನ. ೭ ಕಂಪೆನಿಗಳು ಒಪ್ಪಿದವು. ೨೭ ಪ್ರಯಾಣಗಳು ಹೀಗೆ ನಿಧಾನವಾಗಿ ನಡೆದವು. ಸಣ್ಣ ಪ್ರಯೋಗವೇ. ಆದರೆ ಬೇರು ಹಿಡಿಯಿತು. ಮುಂದೆ ಮಿತಿ ೧೦ ನಾಟಿಗೆ ಇಳಿಯಿತು. ೨೦೧೭ರಲ್ಲಿ ಸಾನ್ ಫ್ರಾನ್ಸಿಸ್ಕೋ ಕಡೆಗೂ ಹಬ್ಬಿತು. ಕೆಲವು ಕಂಪೆನಿಗಳು ಹಣವನ್ನು ಬೇಡವೆಂದು, ಮನ್ನಣೆಯೊಂದೇ ಸಾಕೆಂದವು.

ನಿಧಾನದಿಂದ ಇನ್ನೊಂದು ಲಾಭವೂ ಉಂಟು, ಅದು ನಿಶ್ಶಬ್ದ. ತಿಮಿಂಗಿಲಗಳ ಲೋಕ ಕಣ್ಣಿನದಲ್ಲ, ಕಿವಿಯದು. ನೂರಾರು ಮೈಲಿ ದೂರದಿಂದ ಅವು ಒಂದನ್ನೊಂದು ಕೂಗಿ ಕರೆಯುತ್ತವೆ. ವೇಗದ ಹಡಗಿನ ಸದ್ದು ಆ ಕರೆಯನ್ನು ಮುಚ್ಚಿಬಿಡುತ್ತದೆ. ೨೦೦೧ರ ಸೆಪ್ಟೆಂಬರ್ ೧೧ರಂದು ಅಮೆರಿಕದ ಮೇಲೆ ನಡೆದ ದಾಳಿಯ ನಂತರ ಕೆಲವು ದಿನ ಹಡಗುಗಳ ಓಡಾಟ ಇಳಿದಿತ್ತು. ಆ ದಿನಗಳಲ್ಲಿ ಕೆನಡದ ಫಂಡಿ ಕೊಲ್ಲಿಯಲ್ಲಿ ತಿಮಿಂಗಿಲಗಳ ಸಗಣಿಯನ್ನು ಸಂಗ್ರಹಿಸುತ್ತಿದ್ದ ಸಂಶೋಧಕರಿದ್ದರು. ಕಡಲಿನ ಸದ್ದು ಇಳಿದಾಗ ಆ ಪ್ರಾಣಿಗಳ ಮೈಯಲ್ಲಿ ಕಳವಳವನ್ನು ಸೂಚಿಸುವ ರಸವೂ ಇಳಿದಿತ್ತು. ೨೦೧೨ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಓದಿದಾಗ, ಮನುಷ್ಯನಿಗೆ ಅಷ್ಟು ದುಃಖದ ದಿನಗಳು ಇನ್ನೊಂದು ಜೀವಿಗೆ ನೆಮ್ಮದಿಯ ದಿನಗಳಾದುವಲ್ಲ ಎಂದು ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ.

ಆ ಕೊಲ್ಲಿಯ ತಿಮಿಂಗಿಲಗಳಿಗೆ 'ರೈಟ್' ತಿಮಿಂಗಿಲವೆಂದು ಹೆಸರು; ಬೇಟೆಗೆ ತಕ್ಕದ್ದು ಎಂಬ ಅರ್ಥದಲ್ಲಿ ಬಂದ ಹೆಸರೆಂದು ಹೇಳುತ್ತಾರೆ. ಉತ್ತರ ಅಟ್ಲಾಂಟಿಕದಲ್ಲಿ ಅವು ಈಗ ನಾಲ್ಕುನೂರಕ್ಕಿಂತ ಕಡಿಮೆ. ಅವುಗಳಿಗಾಗಿ ೨೦೦೩ರಲ್ಲಿ ಫಂಡಿ ಕೊಲ್ಲಿಯ ಹಡಗುದಾರಿಯನ್ನೇ ಸರಿಸಿದರು. ಅಮೆರಿಕವು ೨೦೦೮ರ ಡಿಸೆಂಬರಿನಿಂದ ತನ್ನ ಪೂರ್ವತೀರದ ಗೊತ್ತಾದ ಸ್ಥಳಗಳಲ್ಲಿ, ಗೊತ್ತಾದ ತಿಂಗಳುಗಳಲ್ಲಿ, ೬೫ ಅಡಿ ಮತ್ತು ಅದಕ್ಕೂ ಉದ್ದವಾದ ಹಡಗುಗಳಿಗೆ ೧೦ ನಾಟಿನ ಮಿತಿಯನ್ನು ಕಡ್ಡಾಯ ಮಾಡಿತು. ಆದರೂ ೨೦೧೭ರಲ್ಲಿ ಎರಡೂ ದೇಶಗಳಲ್ಲಿ ಒಟ್ಟು ೧೭ ರೈಟ್ ತಿಮಿಂಗಿಲಗಳು ಸತ್ತವು. ಕೆಲವು ಹಡಗಿನ ಪೆಟ್ಟಿನಿಂದ, ಕೆಲವು ಬಲೆಹಗ್ಗದಿಂದ. ಅವು ಹೊಸದಾಗಿ ಹೋಗತೊಡಗಿದ್ದ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಅದುವರೆಗೆ ಇಂಥ ನಿಯಮವಿರಲಿಲ್ಲ. ಕೆನಡ ಅದೇ ಆಗಸ್ಟಿನಲ್ಲಿ ಅಲ್ಲಿಯೂ ಕಡ್ಡಾಯ ಮಾಡಿತು. ವಿನಂತಿಯೊ ಕಡ್ಡಾಯವೊ ಎಂಬ ಚರ್ಚೆ ಇನ್ನೂ ನಡೆದಿದೆ. ಶಾಲೆಯ ಅನುಭವದಿಂದ ನಾನು ಹೇಳುವುದಾದರೆ, ಮಾತಿಗೆ ಬಾಗುವವರು ಬಹಳ ಮಂದಿ ಇರುತ್ತಾರೆ. ಬಾಗದ ಕೆಲವರಿಗಾಗಿ ನಿಯಮವಿರಬೇಕು.

ನಿಧಾನದಿಂದ ವ್ಯಾಪಾರಕ್ಕೆ ನಷ್ಟವಲ್ಲವೆ ಎಂದು ಕೇಳುವವರಿದ್ದಾರೆ. ೧೦೦ ನಾಟಿಕಲ್ ಮೈಲಿ ದೂರವನ್ನು ೧೫ ನಾಟಿಗೆ ಬದಲು ೧೦ ನಾಟಿನಲ್ಲಿ ಸಾಗಿದರೆ ಹೆಚ್ಚಾಗುವುದು ಮೂರು ಗಂಟೆ ಇಪ್ಪತ್ತು ನಿಮಿಷ. ವಾರಗಟ್ಟಲೆಯ ಪ್ರಯಾಣದಲ್ಲಿ ಅದೆಷ್ಟರ ಮಾತು? ಕಳೆದ ಹೊತ್ತನ್ನು ತುಂಬಿಕೊಳ್ಳಲು ಮುಂದಿನ ದಾರಿಯಲ್ಲಿ ಓಡಿದರೆ ಲಾಭ ಕೈಬಿಡುತ್ತದೆ, ನಿಜ. ಆದರೆ ಓಡಿ ಬಂದ ಹಡಗು ಮಾಡುವುದಾದರೂ ಏನು? ೨೦೨೧ರಲ್ಲಿ ಲಾಸ್ ಏಂಜಲೀಸ್, ಲಾಂಗ್ ಬೀಚುಗಳ ಮುಂದೆ ಹಡಗುಗಳು ದಿನಗಟ್ಟಲೆ ಸಾಲು ನಿಂತವು. ಮೊದಲು ಬಂದವರಿಗೆ ಮೊದಲು ಜಾಗ ಎಂಬುದು ಕ್ರಮ. ಅದಕ್ಕಾಗಿ ಎಲ್ಲರೂ ಓಡಿ ಬಂದು, ಲಂಗರು ಹಾಕಿ, ಊರಿನ ಮುಂದೆ ಹೊಗೆ ಬಿಡುತ್ತ ಕಾಯುತ್ತಿದ್ದರು. ಆ ವರ್ಷದ ನವೆಂಬರಿನಲ್ಲಿ ಕ್ರಮವನ್ನು ಬದಲಿಸಿದರು. ಹಿಂದಿನ ಬಂದರನ್ನು ಬಿಟ್ಟ ಹೊತ್ತನ್ನು ನೋಡಿಯೇ ಸರದಿ ಗೊತ್ತುಮಾಡುವುದು. ಬಳಿಕ ಹಡಗು ನಿಧಾನವಾಗಿ ಬಂದರೂ ಸರದಿ ತಪ್ಪದು. ದಡದ ಮುಂದಿನ ಸಂದಣಿ ಬೇಗನೆ ಕರಗಿತು. ಅವಸರವೆಂಬುದು ಎಷ್ಟೋ ವೇಳೆ ಅಗತ್ಯದಿಂದ ಬಂದದ್ದಲ್ಲ, ಕೆಟ್ಟ ಕ್ರಮದಿಂದ ಬಂದದ್ದು.

ಇದೆಲ್ಲ ದೂರದ ಕಥೆ, ನಮಗೇನು ಎನ್ನಬೇಡಿ. ಶ್ರೀಲಂಕೆಯ ದಕ್ಷಿಣ ತುದಿಯಲ್ಲಿ, ದೊಂಡ್ರಾ ಭೂಶಿರದ ಮುಂದೆ, ನೀಲಿ ತಿಮಿಂಗಿಲಗಳು ವಾಸವಾಗಿವೆ. ಬೇರೆ ಕಡೆಯವು ಧ್ರುವದ ಕಡೆಯ ತಣ್ಣನೆಯ ಕಡಲಿಗೆ ಹೋಗಿಬಂದರೆ, ಇಲ್ಲಿಯವು ವರ್ಷವಿಡೀ ನಮ್ಮ ಬೆಚ್ಚನೆಯ ಕಡಲಿನಲ್ಲೇ ಇರುತ್ತವೆ. ಪೂರ್ವದೇಶಗಳಿಂದ ಸೂಯೆಜ್ ಕಾಲುವೆಗೆ ಹೋಗುವ ಹಡಗುಗಳ ಹೆದ್ದಾರಿ ಅವುಗಳ ಮೇಲೆಯೇ ಹಾದುಹೋಗುತ್ತದೆ. ಜಗತ್ತಿನ ಅತಿ ದೊಡ್ಡ ಕಂಟೇನರ್ ಕಂಪೆನಿಗಳಲ್ಲಿ ಒಂದಾದ ಎಂ.ಎಸ್.ಸಿ.ಯವರು ೨೦೨೨ರಲ್ಲಿ ತಮ್ಮ ಹಡಗುಗಳನ್ನು ಸುಮಾರು ೧೫ ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿದು ಹೋಗುವಂತೆ ಮಾಡಿದರು. ಅದು ಅವರ ಸ್ವಂತ ಇಚ್ಛೆಯಿಂದ ಮಾಡಿದ್ದು. ಇಂಡೋನೇಶಿಯದ ಕಲ್ಲಿದ್ದಲನ್ನು ಹೊತ್ತು ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಹಡಗೂ ಸುತ್ತಿ ಬರುವುದು ಆ ತುದಿಯನ್ನೇ. ನಮ್ಮ ಮನೆಯ ದೀಪಕ್ಕೂ ಆ ದಾರಿಗೂ ಸಂಬಂಧವಿದೆ. ಇನ್ನೂ ಹತ್ತಿರಕ್ಕೆ ಬನ್ನಿ. ಮಂಗಳೂರಿನ ಪಶ್ಚಿಮಕ್ಕಿರುವ ಲಕ್ಷದ್ವೀಪದ ಕಡಲಿನಲ್ಲಿ ನೀರೊಳಗೆ ಯಂತ್ರವಿಟ್ಟು ಕೇಳಿದಾಗ ನೀಲಿ ತಿಮಿಂಗಿಲದ ಕೂಗು ದಾಖಲಾಯಿತು. ಆ ಅಧ್ಯಯನ ಪ್ರಕಟವಾದದ್ದು ೨೦೨೧ರಲ್ಲಿ. ಅವು ನಮ್ಮ ನೆರೆಯವರೇ ಆದವು. ನೆರೆಯ ಗೋವೆಯ ಮರ್ಮಗೋವಾ ಬಂದರು, ಕಡಿಮೆ ಹೊಗೆ ಬಿಡುವ ಹಡಗುಗಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ಯೋಜನೆಯನ್ನು ೨೦೨೩ರಲ್ಲಿ ಆರಂಭಿಸಿತು. ಗಾಳಿಗೆ ಕೊಟ್ಟ ರಿಯಾಯಿತಿಯೊಡನೆ ನಿಧಾನಕ್ಕೂ ಒಂದು ರಿಯಾಯಿತಿ ಸೇರಿದರೆ, ಸಾಂಟಾ ಬಾರ್ಬರದಲ್ಲಿ ಸಾಧ್ಯವಾದದ್ದು ಪಶ್ಚಿಮ ತೀರದಲ್ಲಿಯೂ ಸಾಧ್ಯವಾಗಬಹುದು.

ನೀವೂ ನಾನೂ ಹಡಗಿನ ಒಡೆಯರಲ್ಲ, ನಿಜ. ಆದರೆ ಹಡಗು ಓಡುವುದು ನಮಗಾಗಿ. ಅಂಗಡಿಯ ಸಾಮಾನು ಮೂರು ಗಂಟೆ ತಡವಾಗಿ ಬಂದರೆ ನಮಗೆ ಗೊತ್ತಾಗುವುದೂ ಇಲ್ಲ. ಆ ಮೂರು ಗಂಟೆಯಲ್ಲಿ ಒಂದು ತಿಮಿಂಗಿಲ ಉಸಿರೆಳೆದುಕೊಂಡು ಮುಳುಗಬಹುದು. ದಡದ ಮೇಲೆ ಒಂದು ಮಗು ಕೆಮ್ಮದೆ ನಿದ್ದೆ ಮಾಡಬಹುದು. ಇಬ್ಬರಿಗೂ ಬೇಕಾದ ಗಾಳಿ ಒಂದೇ.

ಮರುವಾರ ಅದೇ ತರಗತಿಗೆ ಹೋದಾಗ ಆ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, "ನೀನು ಹೇಳಿದ್ದು ಸರಿ, ನಾನು ನಕ್ಕದ್ದು ತಪ್ಪು" ಎಂದು ಎಲ್ಲರ ಮುಂದೆ ಹೇಳಿದೆ. ಅವನು ಸಂಕೋಚದಿಂದ ತಲೆ ತಗ್ಗಿಸಿದ. ಆಮೇಲೆ ಮೆಲ್ಲನೆ, "ಆದರೆ ಸಾರ್, ಹಡಗು ನುಂಗಲೇಬೇಕೆಂದೇನೂ ಇಲ್ಲವಲ್ಲ" ಎಂದ. ಹಳೆಯ ಕಥೆಯ ತಿಮಿಂಗಿಲಗಿಲಕ್ಕೆ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಇಂದಿನ ಹಡಗಿನ ಚುಕ್ಕಾಣಿ ಮನುಷ್ಯನ ಕೈಯಲ್ಲಿದೆ.